ಹೂಂಗುಟ್ಟುವವನು

ಅಂಬಾದಾಸ ಅದೇ ಸಾಲನ್ನು ಮತ್ತೆ ಓದಿದ. ಸಾಸವಡದ ವ್ಯಾಪಾರಿಯೊಬ್ಬನ ಗೋದಾಮಿಗೆ ಬೆಂಕಿ ಬಿದ್ದು ಮೂಟೆಗಟ್ಟಲೆ ಕಾಳು ಸುಟ್ಟುಹೋದ ಬಗ್ಗೆ ವಿಮಾ ಕಂಪನಿಗೆ ಬಂದ ಅರ್ಜಿ ಅದು. ಬೆಂಕಿ ಎಲ್ಲಿಂದ ಹತ್ತಿತು ಎನ್ನುವಲ್ಲಿಗೆ ಕಣ್ಣು ತಲುಪುವ ಹೊತ್ತಿಗೆ ಗೋದಾಮು ಯಾರದು ಎನ್ನುವುದು ಮರೆತುಹೋಗುತ್ತಿತ್ತು. ಹಿಂದಕ್ಕೆ ಹೋಗಿ ಗೋದಾಮನ್ನು ಹಿಡಿದುಕೊಂಡು ಬರುವಷ್ಟರಲ್ಲಿ ಬೆಂಕಿ ಆರಿಹೋಗಿರುತ್ತಿತ್ತು. ಕಣ್ಣು ತನ್ನ ಪಾಡಿಗೆ ಓದುತ್ತಿತ್ತು, ಮನಸ್ಸು ತನ್ನ ಪಾಡಿಗೆ ಊರು ಸುತ್ತುತ್ತಿತ್ತು. ಎರಡರ ನಡುವೆ ಮಾತು ಬಿಟ್ಟುಹೋಗಿ ಬಹಳ ದಿನವಾದಂತಿತ್ತು. ಶಿವಾಜಿನಗರದ ಆ ಆಫೀಸಿನಲ್ಲಿ ಅವನು ಓದುವುದರಲ್ಲೇ ಹೆಸರು ಮಾಡಿದವನು. ದಪ್ಪ ಫೈಲು ಬಂದರೆ ಯಾರೂ ಬಿಚ್ಚಿ ನೋಡುತ್ತಿರಲಿಲ್ಲ, ಸೀದಾ ಅವನ ಮೇಜಿಗೆ ತಳ್ಳುತ್ತಿದ್ದರು. ಅವನು ಊಟದ ಡಬ್ಬಿಯನ್ನೂ ಮರೆತು ಕೂತು, ಸಂಜೆ ಹೊತ್ತಿಗೆ ಎದ್ದು, ಯಾವ ಪುಟದಲ್ಲಿ ಯಾವ ಸಾಕ್ಷಿ ಸುಳ್ಳು ಹೇಳಿದ್ದಾನೆ ಎಂದು ಬಾಯಲ್ಲೇ ಹೇಳುತ್ತಿದ್ದ. ಆ ಅಂಬಾದಾಸ ಯಾವಾಗ ಎದ್ದು ಹೋದನೋ ಯಾರಿಗೂ ಗೊತ್ತಾಗಿರಲಿಲ್ಲ. ಫೈಲುಗಳು ಮಾತ್ರ ಹಳೆಯ ರೂಢಿಯಂತೆ ಅದೇ ಮೇಜಿಗೆ ಬಂದು ಬೀಳುತ್ತಿದ್ದವು.

"ಕಾಯ ವಾಚಲಂತ, ಅಂಬಾದಾಸ?" ಏನು ಓದಿದಿರಿ ಎಂದು ಸಾಹೇಬರು ಹಿಂದಿನಿಂದ ಬಂದು ಮರಾಠಿಯಲ್ಲಿ ಕೇಳಿದಾಗ ಅವನು ಎದ್ದು ನಿಂತ. ಬೆಂಕಿ, ಗೋದಾಮು, ಸಾಸವಡ ಎಂದು ಮೂರು ಪದಗಳು ಬಾಯಿಗೆ ಬಂದವು. ನಾಲ್ಕನೆಯದು ಬರಲಿಲ್ಲ. ಸಾಹೇಬರು ಒಳ್ಳೆಯವರು. ಪಕ್ಕದ ಮೇಜಿನ ಹೊಸ ಹುಡುಗಿಯ ಮುಂದೆ ಏನೂ ಅನ್ನದೆ, ಅವನ ಕೈಯಿಂದ ಫೈಲನ್ನು ಮೆಲ್ಲಗೆ ತೆಗೆದುಕೊಂಡು ಆ ಹುಡುಗಿಯ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಆಗುತ್ತಿತ್ತು. ಅವನು ಕೂತುಕೊಂಡು ಮೇಜಿನ ಮೇಲೆ ಫೈಲಿದ್ದ ಜಾಗವನ್ನು ನೋಡಿದ. ನೋಡುತ್ತಿದ್ದಂತೆ, ಬೆಳಿಗ್ಗೆಯಿಂದ ಎದೆಯಲ್ಲಿ ಕೂತಿದ್ದದ್ದು ಮತ್ತೆ ಮೇಲೆ ಬಂತು. ಮಧ್ಯಾಹ್ನದ ಬಸ್ಸಿಗೆ ಕುರಕುಂಭದಿಂದ ಅವನ ಅಕ್ಕ ಕುಸುಮಕ್ಕ ಬರುತ್ತಾಳೆ. ಯಾಕೆ ಬರುತ್ತಾಳೆ ಎಂದು ಅವನಿಗೆ ಗೊತ್ತಿಲ್ಲ. ಬರಲು ಹೂಂ ಅಂದವನು ಮಾತ್ರ ಅವನೇ.

ನಿನ್ನೆ ಅವನು ಸ್ನಾನಕ್ಕೆ ಹೋದಾಗ ಫೋನು ಬಂದಿತ್ತು. ಅವನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಹೆಂಡತಿ ದೀಪಾಲಿ ಚಪಾತಿ ಲಟ್ಟಿಸುತ್ತಲೇ, "ಕುಸುಮಕ್ಕ ಫೋನ್ ಮಾಡಿದ್ರು ರೀ. 'ಅಂಬೂನ್ನ ಕೇಳೀನಿ, ಹಾಂಗ ಮಾಡು ಅಂದಾನ, ನಾಳೆ ಬರ್ತೀನಿ' ಅಂತಂದ್ರು. ದನಿ ಪೂರಾ ಕೂತದ ಅವರದು. ಏನ್ ಮಾಡು ಅಂದೀರಿ ನೀವು?" ಎಂದಳು. ಅವನು ಟವೆಲಿನೊಳಗೆ ಮುಖ ಮುಚ್ಚಿಕೊಂಡೇ, "ಏನಿಲ್ಲ, ಸುಮ್ನ ಬಂದು ಹೋಗು ಅಂದಿದ್ದೆ" ಎಂದ. ಆ ಟವೆಲಿನ ಕತ್ತಲೆಯಲ್ಲಿ ಅವನಿಗೆ ಹೋದ ಭಾನುವಾರ ಅಚ್ಚುಕಟ್ಟಾಗಿ ಕಾಣಿಸಿತು. ಆಕ್ಟೋಪಸ್ ಮಲಗಿದಾಗ ಬಣ್ಣ ಬದಲಿಸುತ್ತದಂತೆ, ಅದರ ಚಿತ್ರ. ಯಾವುದೋ ದೇಶದ ಯಾವುದೋ ಬೀದಿಯ ನಕಾಶೆ. ಈರುಳ್ಳಿ ಬೆಲೆಯ ಸುದ್ದಿ, ಅದರ ಕೆಳಗೆ ಇಬ್ಬರು ಜಗಳವಾಡಿದ್ದು, ಅವರಲ್ಲೊಬ್ಬನ ಹೆಸರು ಕೂಡ. ಎಡಗಿವಿಗೆ ಫೋನು, ಬಲಗೈಯಲ್ಲಿ ಮೌಸು. ನೋಡಿದ್ದೆಲ್ಲ ನೆನಪಿತ್ತು, ಕೇಳಿದ್ದೊಂದೂ ಇರಲಿಲ್ಲ. ಕಿವಿಯಲ್ಲಿ ಒಂದು ಗೊಗ್ಗರು ಸದ್ದು ಬಹಳ ಹೊತ್ತು ಹರಿದಿತ್ತು. "ಲೈನ್ ಸರಿ ಇಲ್ಲಕ್ಕಾ" ಎಂದು ತಾನು ಒಮ್ಮೆ ಹೇಳಿದ್ದು ನೆನಪಾಯಿತು. ಆಮೇಲೆ ಆ ಸದ್ದು ಏನೋ ಕೇಳಿ ಕಾದು ನಿಂತಾಗ, ಸ್ಕ್ರೀನಿನಿಂದ ಕಣ್ಣು ಕೀಳದೆ ಹೇಳಿದ್ದ: "ಹೂಂ ಅಕ್ಕಾ. ಹಾಂಗ ಮಾಡು."

ಊಟದ ಹೊತ್ತಿಗೆ ಅರ್ಧ ದಿನದ ರಜೆ ಹಾಕಿ ಅವನು ಬಸ್ ಸ್ಟ್ಯಾಂಡಿನ ಕಡೆಗೆ ನಡೆದ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ರಸ್ತೆಯಾಚೆ ಹೊಸ ಕಟ್ಟಡವೊಂದು ಏಳುತ್ತಿತ್ತು. ಅದರ ಮುಂದೆ ಮರಳಿನ ರಾಶಿ, ರಾಶಿಯ ಮೇಲೆ ಎರಡು ಮಕ್ಕಳು. ದೊಡ್ಡದು ಏನೋ ಹೇಳುತ್ತಿತ್ತು, ಸಣ್ಣದು ತಲೆಯಾಡಿಸುತ್ತಿತ್ತು. ಚಿಕ್ಕಂದಿನಲ್ಲಿ ತಾನೂ ಅಕ್ಕನೂ ಕೂತಿದ್ದದ್ದು ಇಂಥದೇ ರಾಶಿಯ ಮೇಲೆ. ಮರಳು ಮೇಲೆ ಬಿಸಿ, ಕೈ ಒಳಗೆ ತೂರಿಸಿದರೆ ತಂಪು. ಮೊಣಕೈತನಕ ತೂರಿಸಿಕೊಂಡು ಕೂತರೆ ಅಪ್ಪ ಅವ್ವ ಇಟ್ಟಿಗೆ ಹೊತ್ತು ಮೇಲೇರುವುದೂ ಇಳಿಯುವುದೂ ಕಾಣುತ್ತದೆ. ತಮ್ಮ ಅಳದಂತೆ ನೋಡಿಕೊಳ್ಳುವುದು ಕುಸುಮಕ್ಕನ ಕೆಲಸ, ಅದಕ್ಕೆ ಅವಳಿಗಿದ್ದ ಒಂದೇ ಸಾಮಾನು ಕಥೆ. ಕಥೆಗೆ ಹೂಂಗುಟ್ಟಬೇಕು. ಅವರ ಕಡೆ ಹೂಂಗುಟ್ಟದೆ ಯಾರೂ ಕಥೆ ಹೇಳುವುದಿಲ್ಲ. ಹೂಂ ನಿಂತರೆ ಕಥೆಯೊಳಗಿನವರು ಅಲ್ಲೇ, ಆ ಕಾಡಿನಲ್ಲೇ, ನಿಂತುಬಿಡುತ್ತಾರೆ, ಪಾಪ ಅವರಿಗೆ ನೀರಡಿಕೆಯಾಗುತ್ತದೆ ಎಂದು ಅಕ್ಕ ಹೆದರಿಸುತ್ತಿದ್ದಳು. ಅವನು ಯಾರನ್ನೂ ನೀರಡಿಕೆಯಿಂದ ಸಾಯಗೊಡಲಿಲ್ಲ. ಕೂಲಿಯವರ ಶೆಡ್ಡಿನ ಹೆಂಗಸರೆಲ್ಲ, "ಅಂಬೂನಂಗ ಹೂಂಗುಟ್ಟವ್ರು ಯಾರೂ ಇಲ್ಲ ಬಿಡ" ಎನ್ನುತ್ತಿದ್ದರು. ಕೆಲವು ಸಲ ಹುಡುಗನ ಬಾಯಿ ಹೂಂ ಅನ್ನುತ್ತಿದ್ದರೂ ಕಿವಿ ನಿದ್ದೆ ಹೋಗಿರುತ್ತಿತ್ತು. ಅದನ್ನು ಹಿಡಿಯಲು ಅಕ್ಕನ ಹತ್ತಿರ ಒಂದು ಉಪಾಯವಿತ್ತು. ಕಥೆಯ ನಡುವೆ, ದನಿ ಒಂದಿಷ್ಟೂ ಬದಲಿಸದೆ, "ಅಷ್ಟೊತ್ತಿಗೆ ಒಂದು ಇಲಿ ಬಂದು ಆನಿ ನುಂಗ್ತು" ಅನ್ನುತ್ತಿದ್ದಳು. ಹುಡುಗ ಎಚ್ಚರವಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಹೂಂ ಅಂದರೆ ಅವಳಿಗೆ ಗೊತ್ತಾಗುತ್ತಿತ್ತು. ಕಥೆ ಅಲ್ಲಿಗೇ ಬಿಟ್ಟು ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ನಿದ್ದೆ ತರಲು ಹೋದ ಸೊಸೆಯ ಕಥೆಯಲ್ಲಿ ಮಾತ್ರ ಅವನು ಪ್ರತಿ ಸಲ ಸೋತ. ಒಂದೂರಿನ ನಿದ್ದೆಯೆಲ್ಲ ಒಮ್ಮೆ ಬತ್ತಿಹೋಯಿತಂತೆ. ಹಸುಗೂಸೂ ಮಲಗವು, ಮುದುಕರೂ ಮಲಗರು. ಆಗ ಕಿರಿ ಸೊಸೆ ಒಂದು ಮಣ್ಣಿನ ಕೊಡ ಹೊತ್ತುಕೊಂಡು ಏಳು ಹೊಳೆಯಾಚೆಯಿಂದ ನಿದ್ದೆ ತರುತ್ತೇನೆಂದು ಹೊರಟಳು. ಒಂದೊಂದು ಹೊಳೆಗೂ ಒಬ್ಬೊಬ್ಬ ಅಂಬಿಗ, ಒಬ್ಬೊಬ್ಬನಿಗೂ ಒಂದೊಂದು ಕೂಲಿ. ಮೊದಲನೆಯವನು ಕಾಲಗೆಜ್ಜೆ ಕೇಳಿದ. ಎರಡನೆಯವನು ಮುಡಿದ ಹೂವು. ಮೂರನೆಯವನು ನೆರಳು ಕೇಳಿದ, ಬಿಚ್ಚಿ ಕೊಟ್ಟಳು. ನಾಲ್ಕನೆಯವನು ತವರಿನ ದಾರಿ ಕೇಳಿದ, ಮರೆತು ಕೊಟ್ಟಳು. ಐದನೆಯ ಹೊಳೆಯ ನೀರು ಹಾಲಿನಂತೆ ಬೆಳ್ಳಗೆ, ದೋಣಿಗೆ ಹುಟ್ಟೇ ಇಲ್ಲ, ಅದು ತಾನೇ ತೂಗಿಕೊಂಡು ಹೋಗುತ್ತದೆ. ಅಲ್ಲಿಂದಾಚೆ ಅವನು ಯಾವತ್ತೂ ಹೋಗಲಿಲ್ಲ. ಊರಿನವರಿಗೆ ಸಿಗುವ ಮುಂಚೆಯೇ ಆ ಕೊಡದ ನಿದ್ದೆ ಅವನಿಗೆ ಸಿಕ್ಕಿಬಿಡುತ್ತಿತ್ತು. ಏಳನೆಯ ಹೊಳೆಯಲ್ಲಿ ಏನು ಕೇಳಿದರು, ಅವಳು ತಿರುಗಿ ಬಂದಳೋ ಇಲ್ಲವೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಎಂದಾದರೂ ಕೇಳಿದರಾಯಿತು ಎಂದು ನಲವತ್ತು ವರ್ಷ ಕಳೆದಿದ್ದ.

ಸ್ಟ್ಯಾಂಡಿನ ಸಿಮೆಂಟಿನ ಕಟ್ಟೆಯ ಮೇಲೆ ಜಾಗ ಸಿಕ್ಕಿತು. ಮೈಕಿನಲ್ಲಿ ಊರುಗಳ ಹೆಸರು ತೇಲಿ ಬರುತ್ತಿದ್ದವು. ಮೊದಮೊದಲು ಹೀಗಿರಲಿಲ್ಲ. ಮೊದಲು ಅವನು ಆಫೀಸಿನ ಕೆಳಗಿನ ಸೈಬರ್ ಕೆಫೆಗೆ ಗಂಟೆಯ ಲೆಕ್ಕದಲ್ಲಿ ಹೋಗುತ್ತಿದ್ದ, ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಯುತ್ತಿತ್ತು, ಬಂದ ಪುಟವನ್ನು ಕೊನೆಯ ಅಕ್ಷರದವರೆಗೆ ಓದುತ್ತಿದ್ದ. ಆಮೇಲೆ ಮನೆಗೆ ಕಂಪ್ಯೂಟರ್ ಬಂತು. ಆಗ ಟೆಲಿಫೋನಿನ ತಂತಿಯಲ್ಲೇ ನೆಟ್ಟು ಬರಬೇಕು. ನೆಟ್ಟು ನಡೆದರೆ ಫೋನಿಲ್ಲ, ಫೋನು ನಡೆದರೆ ನೆಟ್ಟಿಲ್ಲ. ಭಾನುವಾರ ಕುಸುಮಕ್ಕನ ಹೊತ್ತಿಗೆ ಅವನು ಎಲ್ಲ ಬಂದ್ ಮಾಡಿ ಕೂರುತ್ತಿದ್ದ. ಅವಳು ಕುರಕುಂಭದಿಂದ ಮಾತಾಡುತ್ತಿದ್ದಳು, ಶಿವಪ್ಪ ಭಾವನ ಕಂಪನಿಯ ಪಾಳಿ, ನೆರೆಮನೆಯ ಎಮ್ಮೆ, ಬಾವಿಯ ನೀರು, ಯಾವುದಕ್ಕೂ ತುದಿಯಿಲ್ಲ ಮೊದಲಿಲ್ಲ, ಅವನು ಹೂಂ ಹೂಂ ಎನ್ನುತ್ತ ಗೋಡೆಯ ಬಿರುಕಿನ ಮೇಲೆ ಬೆರಳಾಡಿಸುತ್ತ ಎಲ್ಲ ಕೇಳುತ್ತಿದ್ದ. ಎರಡು ಸಾವಿರದ ಆರರ ದಸರೆಗೆ ಟೆಲಿಫೋನಿನವನು ಬಂದು ಗೋಡೆಗೆ ಬೆಂಕಿಪೆಟ್ಟಿಗೆಯಷ್ಟು ಒಂದು ಡಬ್ಬಿ ಕೂಡಿಸಿದ. "ಆತಾ ದೋನ್ಹೀ ಚಾಲೂ," ಇನ್ನು ಎರಡೂ ನಡೆಯುತ್ತವೆ, ಎಂದು ಹೇಳಿ ಬಕ್ಷೀಸು ಇಸಿದುಕೊಂಡು ಹೋದ. ಅವನು ಹೇಳಿದ್ದು ಸುಳ್ಳಲ್ಲ. ಎರಡೂ ನಡೆದವು. ಅಕ್ಕ ಮಾತಾಡುತ್ತಿದ್ದಂತೆ ಒಂದು ಪುಟ, ಪುಟದಲ್ಲೊಂದು ನೀಲಿ ಸಾಲು, ಒತ್ತಿದರೆ ಇನ್ನೊಂದು ಪುಟ. ಯಾವ ಪುಟದಲ್ಲೂ ಅವನು ಕೂರಲಿಲ್ಲ. ಮದುವೆಮನೆಯಲ್ಲಿ ಪರಿಚಯವಿಲ್ಲದವನ ಹಾಗೆ ಎಲ್ಲ ಕೋಣೆಗಳಲ್ಲೂ ಇಣುಕಿ, ಎಲ್ಲಿಯೂ ಉಣ್ಣದೆ ಹೊರಗೆ ಬಂದ. ಬಂದಾಗ ಫೋನು ತಣ್ಣಗಾಗಿರುತ್ತಿತ್ತು, ಕಿವಿ ಬಿಸಿಯಾಗಿರುತ್ತಿತ್ತು.

ಕುರಕುಂಭದ ಮೇಲಿಂದ ಬರುವ ಲಾತೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅವನ ಕಣ್ಣು ಮೊದಲು ಹುಡುಕಿದ್ದು ಅಕ್ಕನನ್ನಲ್ಲ, ಅವಳ ಸಾಮಾನನ್ನು. ಟ್ರಂಕು ಇದ್ದರೆ? ಭಾವನೊಡನೆ ಮುರಿದುಕೊಂಡು ನಿಮ್ಮಲ್ಲೇ ಇರುತ್ತೇನೆ ಅಂದಿದ್ದರೆ, ಹಾಂಗ ಮಾಡು ಅಂದವನು ತಾನು. ಎರಡು ಕೋಣೆಯ ಮನೆ, ದೀಪಾಲಿಯ ಮುಖ, ಎಲ್ಲ ಕಣ್ಣ ಮುಂದೆ ಹಾದುಹೋದವು. ಕುಸುಮಕ್ಕ ಇಳಿದಾಗ ಕೈಯಲ್ಲಿ ಒಂದು ಸಣ್ಣ ಚೀಲ ಮಾತ್ರ ಇತ್ತು. ಅಬ್ಬ ಎನಿಸಿತು. ಎನಿಸಿದ ಮರುಕ್ಷಣವೇ, ಆ ಅಬ್ಬ ತನ್ನ ಮುಖದ ಮೇಲೆ ಕಂಡಿತೇನೋ ಎಂದು ನಾಚಿಕೆಯಾಯಿತು. ಅವಳು ಬಿಸಿಲಲ್ಲೂ ಕೊರಳಿಗೆ ಮಫ್ಲರು ಸುತ್ತಿಕೊಂಡಿದ್ದಳು. ಬಡವಾಗಿದ್ದಳು. ಹತ್ತಿರ ಬಂದು ಅವನ ಗಲ್ಲ ಸವರಿ, ಲೈನಿನದೆಂದು ಅವನು ಅಂದುಕೊಂಡಿದ್ದ ಅದೇ ಗೊಗ್ಗರು ದನಿಯಲ್ಲಿ, "ಭಾಳ ಹೊತ್ತಾತೇನೋ ಬಂದು?" ಎಂದಳು. ಲೈನೇ ಇಲ್ಲದ ಕಡೆ ಆ ದನಿ ಕೇಳಿ ಅವನ ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಇಬ್ಬರೂ ಚಹಾ ತಗೊಂಡರು. ಅವಳು ತಣ್ಣಗಾಗುವವರೆಗೆ ಕಾದು, ಗುಟುಕು ಗುಟುಕಾಗಿ, ಪ್ರತಿ ಗುಟುಕಿಗೂ ಕಣ್ಣು ಮುಚ್ಚಿ ನುಂಗಿದಳು. ಅವನು ಎಲ್ಲ ಗೊತ್ತಿದ್ದವನ ಮುಖ ಮಾಡಿಕೊಂಡು ಕತ್ತಲಲ್ಲಿ ಕೈಯಾಡಿಸಿದ.

"ಮತ್ತ, ಈಗ ಹೆಂಗ ಅನಸ್ತದ ಅಕ್ಕಾ?"

"ಹೆಂಗ ಅನಸ್ತದ. ಅದ ಹಾಂಗ."

"ಭಾವ ಏನಂತಾನ?"

"ಅವರು ಒಲ್ಲೆ ಅಂದ್ರಲ್ಲ, ಹೇಳಿದ್ನಲ್ಲ ನಿನಗ. ನಾಟಿ ಔಷಧ ಮಾಡೂಣು ಅಂತ ಅವರದು. ನಾ ಹೇಳ್ದೆ, ಅಂಬೂ ಓದಿದಾವ, ನಾಲ್ಕ ಮಂದಿ ಕಂಡಾವ, ಅಂವಾ ಕೊಯ್ಸಕೋ ಅಂದಾನ ಅಂತ. ಸುಮ್ಮನಾದ್ರು. ನಾಳೆ ಹಗಲಾಗ ದವಾಖಾನಿಗೆ ಬರ್ತಾರ." ಅವಳು ಲೋಟ ಕೆಳಗಿಟ್ಟಳು. "ದೌಂಡಿನ ಡಾಕ್ಟರ ಕಳಿಸಿದ್ನಲ್ಲ, ಇಲ್ಲೇ ದೊಡ್ಡ ದವಾಖಾನ್ಯಾಗ ತುಣುಕು ತಗದು ನೋಡಿದ್ರು, ಗಂಟಲಾಗಿಂದು ಪೂರಾ ತಗೀತಾರಂತ. ಜೀವಕ್ಕ ಧೋಕಾ ಇಲ್ಲ ಅಂತ ಡಾಕ್ಟರ ಅಂದ. ದನಿ ಅಷ್ಟ ಹೋಗ್ತದ."

ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು, ಕಂಡಕ್ಟರು ಸೀಟಿ ಊದುತ್ತಲೇ ಇದ್ದ. ಅಂಬಾದಾಸ ಲೋಟದ ಅಂಚಿನ ಕೆನೆಯನ್ನು ನೋಡಿದ. ಹಾಗಾದರೆ ಇದು. ಪ್ರತಿ ಭಾನುವಾರ, ದೀಪಾವಳಿಯಿಂದ ಈಚೆಗೆ, ಅಕ್ಕ ಅವನ ಕಿವಿಗೆ ಇದನ್ನೇ ಹೊಯ್ಯುತ್ತಿದ್ದಳು. ಗಂಟಲು ನೋವೆಂದು ಹೇಳಿದ್ದಿರಬೇಕು. ದೌಂಡಿನ ಡಾಕ್ಟರನ್ನು ಕಂಡದ್ದು, ಅಲ್ಲಿಂದ ಇಲ್ಲಿಯ ದೊಡ್ಡ ಆಸ್ಪತ್ರೆಗೆ ಬಂದು ತುಣುಕು ತೆಗೆಸಿ ಪರೀಕ್ಷೆ ಮಾಡಿಸಿದ್ದು, ಇದೇ ಊರಿಗೆ ಬಂದು ತನ್ನ ಮನೆಗೆ ಬರದೆ ಹೋದದ್ದು, ಎಲ್ಲ ಹೇಳಿದ್ದಿರಬೇಕು. ಎಲ್ಲದಕ್ಕೂ ಅವನು ಹೂಂ ಅಂದಿದ್ದ. ಈಗ, ಈ ಕ್ಷಣ, ಅಕ್ಕಾ ನಾ ಏನೂ ಕೇಳಿಲ್ಲ ಎಂದು ಹೇಳಿಬಿಡಬೇಕು. ಹೇಳಿದರೆ, ಅವನ ಮಾತು ಹಿಡಿದು ಗಂಡನನ್ನು ಎದುರು ಹಾಕಿಕೊಂಡು ಬಂದ ಹೆಂಗಸು ಈ ಕ್ಯಾಂಟೀನಿನಲ್ಲಿ ಯಾವ ಧೈರ್ಯದ ಮೇಲೆ ಕೂರಬೇಕು? ಹಾಗೆಂದು ತನಗೆ ತಾನೇ ಹೇಳಿಕೊಂಡ. ಅದರಡಿಯಲ್ಲಿ ಇನ್ನೊಂದು ಇದ್ದದ್ದೂ ಅವನಿಗೆ ಗೊತ್ತಿತ್ತು. ಅವನಂಥ ಹೂಂಗುಟ್ಟುವವರು ಯಾರೂ ಇಲ್ಲ ಎನ್ನುವ ಆ ಹೆಸರನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಚಹಾದ ದುಡ್ಡು ಕೊಟ್ಟು ಅವಳ ಚೀಲವನ್ನು ತಾನು ಎತ್ತಿಕೊಂಡ.

ಧನಕವಡಿಯ ಮನೆಯಲ್ಲಿ ದೀಪಾಲಿಗೆ ಅಕ್ಕನೇ ವಿಷಯ ಹೇಳಿದಳು. ದೀಪಾಲಿ ಗಂಡನ ಕಡೆ ಒಮ್ಮೆ ನೋಡಿದಳು, ಸುಮ್ಮನೆ ಬಂದು ಹೋಗು ಅಂದಿದ್ದೆ ಎಂದವನ ಕಡೆ, ಮತ್ತೆ ಅತ್ತ ಮುಖ ತಿರುಗಿಸಿ ಕುಸುಮಕ್ಕನಿಗೆ ಮೆತ್ತನೆಯ ಅನ್ನ ಕಲಸಿಕೊಡಲು ಎದ್ದಳು. ಅವನು ಒಳಕೋಣೆಗೆ ಹೋಗಿ ಕಂಪ್ಯೂಟರ್ ಹಚ್ಚಿ, ಆ ಕಾಯಿಲೆಯ ಹೆಸರು ಹೊಡೆದ. ಎಷ್ಟೋ ಪುಟಗಳು ಬಂದವು. ಒಂದನ್ನಾದರೂ ಪೂರ್ತಿ ಓದಬೇಕೆಂದು ಹಟ ಹಿಡಿದು ಕೂತ. ಗಂಟಲ ಪೆಟ್ಟಿಗೆಯ ಚಿತ್ರ ನೋಡಿದ, ಅದರ ಕೆಳಗೆ ಕಡುನೀಲಿ ಅಕ್ಷರ, ಅಲ್ಲಿಂದ ಪರದೇಶದ ಒಬ್ಬ ಹಾಡುಗಾರ್ತಿಯ ಸಂಕಟ, ಅಲ್ಲಿಂದ ಅವಳ ಊರು, ಆ ಊರಿನ ಹವೆ. ಅಲ್ಲಿ ಹಿಮ ಬೀಳುತ್ತಿತ್ತು. ಎಷ್ಟು ಹೊತ್ತಾಯಿತೋ, ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳಿಗೆ ಸ್ಕ್ರೀನಿನ ಬೆಳಕಷ್ಟೇ ಕಂಡಿರಬೇಕು, ಅಕ್ಷರ ಅವಳಿಗೆ ಬರುತ್ತಿರಲಿಲ್ಲ. "ಇದನ್ನ ನೋಡ್ತಿರತಿಯೇನೋ, ನಾ ಮಾತಾಡೂ ಮುಂದ?" ಎಂದು ಕೇಳಿದಳು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ತನ್ನ ಫೋನಿನ ಆ ತುದಿ ಹೇಗಿದೆ ಎಂದು ಬಹಳ ದಿನದಿಂದ ನೋಡಬೇಕೆಂದಿದ್ದವಳಂತೆ ಕುರ್ಚಿಯನ್ನೂ ಮೇಜನ್ನೂ ಗೋಡೆಯ ಡಬ್ಬಿಯನ್ನೂ ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಾಲ್ಕನಿಯಲ್ಲಿ ಚಾಪೆ ಹಾಸಿ ಕೂತಿದ್ದರು. ಕೆಳಗೆ ತರಕಾರಿ ಗಾಡಿಯವನು ಮೆಂತ್ಯ ಸೊಪ್ಪು ಕೂಗುತ್ತಿದ್ದ. ಅಂಬಾದಾಸ ಬಹಳ ಹೊತ್ತು ಚಾಪೆಯ ನೂಲನ್ನು ಕೀಳುತ್ತಿದ್ದು, ಕೊನೆಗೆ, "ಅಕ್ಕಾ, ಆವತ್ತು ಫೋನಿನಾಗ ನೀ ಕೇಳಿದಾಗ..." ಎಂದು ಶುರುಮಾಡಿದ.

"ಗೊತ್ತದ ಬಿಡು," ಎಂದಳು ಅವಳು. "ಕೊಯ್ಸದ ಬಿಡ್ಲೇನು ಅಂತ ಕೇಳಿದೆ, ಹೂಂ ಹಾಂಗ ಮಾಡು ಅಂದಿ. ಕೊಯ್ಸಲೇನು ಅಂತ ಕೇಳಿದೆ, ಅದಕ್ಕೂ ಹೂಂ ಹಾಂಗ ಮಾಡು ಅಂದಿ. ನನಗ ಎರಡನೇದು ಬೇಕಾಗಿತ್ತು, ಹಿಡಕೊಂಡೆ."

ಅವನಿಗೆ ತಲೆ ಎತ್ತಲಾಗಲಿಲ್ಲ. "ಮತ್ತ ಯಾಕ ಫೋನ್ ಮಾಡ್ತಿದ್ದಿ?"

ಅವಳು ಗಂಟಲು ಹಿಡಿದುಕೊಂಡು, "ಹೂಂ ಅಂತಿದ್ದ್ಯಲ್ಲೋ," ಎಂದಳು. "ಅವರಂತೂ ಹೂಂ ಸೈತ ಅನ್ನಂಗಿಲ್ಲ." ಆಮೇಲೆ ಅವನ ಮೊಣಕಾಲನ್ನು ತಟ್ಟಿ, "ಸೊಸೀ ಕಥಿ ಪೂರಾ ಒಮ್ಮೀನೂ ಕೇಳಿಲ್ಲ ನೀನು. ಇವತ್ತ ಹೇಳ್ತೀನಿ. ಇನ್ನ ಯಾರ ಹೇಳ್ತಾರ? ಕಡೀ ತನಕ ಕೇಳು, ಆತೇನು" ಎಂದಳು.

ಅವನು ಕಾಲು ಮಡಚಿ ನೆಟ್ಟಗೆ ಕೂತ. ಇಷ್ಟು ಮಾಡಿದರೆ ಸಾಕು, ಇದೊಂದು ಕಥೆ ಕೇಳಿದರೆ ಸಾಕು, ಎಲ್ಲಕ್ಕೂ ಸಮಾಧಾನವಾದೀತು ಎನಿಸಿತು. ಒಂದೂರಿನ ನಿದ್ದೆ ಬತ್ತಿಹೋಯಿತು. ಹೂಂ. ಕಿರಿ ಸೊಸೆ ಕೊಡ ಹೊತ್ತಳು. ಹೂಂ. ಸವೆದ ದನಿ ಒಂದೊಂದು ಮಾತಿಗೂ ನಿಂತು ಉಸಿರು ತಗೊಂಡು ಬರುತ್ತಿತ್ತು, ಕಾಲಗೆಜ್ಜೆ ಹೋಯಿತು, ಹೂವು ಹೋಯಿತು, ನೆರಳನ್ನು ಬಿಚ್ಚಿ ಮಡಿಸಿ ಅಂಬಿಗನ ಕೈಗಿಟ್ಟಳು. ಐದನೆಯ ಹೊಳೆ ಬೆಳ್ಳಗೆ ಬಂತು. ಇಲ್ಲಿಂದ ಆಚೆ ಹೊಸದು, ಎಚ್ಚರವಾಗಿರಬೇಕು ಎಂದುಕೊಂಡ. ದೋಣಿ ತೂಗುತ್ತಿತ್ತು. ನೀರಿನ ಬಿಳಿ ಹಿಮದ ಬಿಳಿಯಾಯಿತು. ಆ ಹಾಡುಗಾರ್ತಿ ಆಮೇಲೆ ಏನಾದಳು, ಅವಳು ಮತ್ತೆ ಮಾತಾಡಿದಳೇ, ಆ ಪುಟವನ್ನು ಮುಚ್ಚಿರಲಿಲ್ಲ, ಒಳಗೆ ಕಂಪ್ಯೂಟರಿನ ಫ್ಯಾನು ಗುಂಯ್ಗುಡುತ್ತಿದೆ, ನಾಳೆ ಆಫೀಸಿಗೆ ಹೇಳಬೇಕು, ಆ ಹುಡುಗಿ ಸಾಸವಡದ ಫೈಲನ್ನು ಓದಿ ಮುಗಿಸಿರುತ್ತಾಳೆ, ಗಂಟಲಲ್ಲಿ ರಂಧ್ರವಿದ್ದವರು ಸ್ನಾನ ಹೇಗೆ ಮಾಡುತ್ತಾರೋ, ಅದನ್ನೂ ನೋಡಬೇಕು. ಹೂಂ. ಮೆಂತ್ಯದವನು ಇನ್ನೊಂದು ಓಣಿಗೆ ತಿರುಗಿದ. ಹೂಂ. ಅಕ್ಕನ ದನಿ ದೂರದ ಮೈಕಿನಂತೆ ತೇಲಿ ಬರುತ್ತಿತ್ತು. ಹೂಂ.

ದನಿ ನಿಂತಿತ್ತು. ಯಾವಾಗ ನಿಂತಿತೋ. ಕುಸುಮಕ್ಕ ಅವನನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿ, ನರೆತ ಕೂದಲಿನ ಅವನ ತಲೆಯನ್ನು ಒಮ್ಮೆ ಸವರಿ, "ಏಳು ತಮ್ಮಾ. ಮುಂಜಾನೆ ಲಗೂ ಹೋಗೂದದ" ಎಂದು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಅವನು ಅಲ್ಲೇ ಕೂತ. ಕೇಳಿಸದೆ ಕಿವಿಯಲ್ಲಿ ಬಿದ್ದಿದ್ದ ಕೊನೆಯ ಮಾತು ಆಗ ಕೇಳಿಸಿತು. ಅಷ್ಟೊತ್ತಿಗೆ ಒಂದು ಇಲಿ ಬಂದು ಆನಿ ನುಂಗ್ತು. ಅವನು ಅದಕ್ಕೂ ಹೂಂ ಅಂದಿದ್ದ. ಚಾಪೆಯ ಮೇಲೆ ಕೂತು ಅವನು ಅತ್ತ. ನಲವತ್ತೇಳರ ಗಂಡಸು ಅಳುವುದನ್ನು ಕೆಳಗಿನವರು ನೋಡಬಾರದೆಂದು ಬಾಲ್ಕನಿಯ ದೀಪ ಆರಿಸಿದ.

ಮರುದಿನ ಕೇಳಬಹುದಿತ್ತು. ರಿಕ್ಷಾದಲ್ಲಿ ಅವಳ ಪಕ್ಕದಲ್ಲೇ ಕೂತಿದ್ದ, ವಾರ್ಡಿನಲ್ಲಿ ಹಾಸಿಗೆ ಸಿಗುವವರೆಗೆ ಒಂದೇ ಬೆಂಚಿನಲ್ಲಿ ಕಾದಿದ್ದರು. ಕಡೆಯ ಎರಡು ಹೊಳೆ ಇನ್ನೊಮ್ಮೆ ಹೇಳು ಎನ್ನಲು ನಾಲಗೆ ಏಳಲಿಲ್ಲ. ಶಿವಪ್ಪ ಭಾವ ಬಂದ, ಅವನ ಕೈ ಹಿಡಿದು, "ನೀವು ಹೇಳಿದ್ದು ಛಲೋ ಆತ್ರಿ" ಎಂದ. ನರ್ಸು ಬಂದು ಜಾಸ್ತಿ ಮಾತಾಡಿಸಬೇಡಿ ಎಂದಳು. ಮಾತಾಡಿಸದಿರಲು ಒಂದು ಕಾರಣ ಸಿಕ್ಕಿತೆಂದು ಅವನು ಅದನ್ನು ಅಪ್ಪಿಕೊಂಡ. ಅಕ್ಕ ಆ ದಿನವೆಲ್ಲ ಯಾರು ಯಾರಿಗೋ ಏನೇನೋ ಹೇಳಿದಳು. ಗಂಡನಿಗೆ ಮನೆಯಲ್ಲಿ ಒಲೆ ಆರಿಸಲು ಮರೆಯಬೇಡಿ ಎಂದು, ಪಕ್ಕದ ಹಾಸಿಗೆಯ ರಂಗೂಬಾಯಿಗೆ ಹೆದರಬೇಡವೆಂದು, ದೀಪಾಲಿಗೆ ಅನ್ನ ಚೆನ್ನಾಗಿತ್ತೆಂದು. ಅವನಿಗೆ ಹೇಳಿದ್ದು, ಗಾಲಿಯ ಮಂಚದ ಮೇಲೆ ಮಲಗಿಸಿ ಒಯ್ಯುವಾಗ, "ಊಟ ಮಾಡು" ಎಂದಷ್ಟೇ. ಅದೇ ಕೊನೆಯದು. ಬಾಗಿಲು ಮುಚ್ಚಿದ ಮೇಲೆ ಆ ಎರಡು ಪದಗಳನ್ನು ಅವನು ಬಹಳ ಹೊತ್ತು ಹಿಡಿದು ನಿಂತಿದ್ದ.

ಮತ್ತೆ ಅವಳ ಹತ್ತಿರ ಕೂರಲು ಬಿಟ್ಟಾಗ ಅವಳು ಸಾಮಾನ್ಯ ವಾರ್ಡಿಗೆ ಬಂದಿದ್ದಳು. ಮೂಗಿಗೆ ನಳಿಗೆ, ಕೊರಳ ನಡುವೆ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳನೆಯ ಬಟ್ಟೆ. ಆಪರೇಷನ್ನಿಗೆ ತೆಗೆಸಿದ್ದ ಹಸಿರು ಗಾಜಿನ ಬಳೆಗಳನ್ನು ಹಟ ಮಾಡಿ ಮತ್ತೆ ಇಡಿಸಿಕೊಂಡಿದ್ದಳು. ಭೇಟಿಯ ಹೊತ್ತು, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಹೊದಿಕೆಯ ಮೇಲೆ ಬಿದ್ದಿತ್ತು. ಅವನು ಸ್ಟೂಲಿನ ಮೇಲೆ ಕೂತ. ಇಷ್ಟು ವರ್ಷ ಅವನ ಕಿವಿ ತುಂಬಿದ್ದವಳ ಮುಂದೆ ಮೌನ ಇದ್ದಕ್ಕಿದ್ದಂತೆ ಎದ್ದು ಕೂತಿತ್ತು. ಅದನ್ನು ತಾಳಲಾರದೆ, ತಾನೇನು ಮಾಡುತ್ತಿದ್ದೇನೆ ಎಂದು ತಿಳಿಯುವ ಮುಂಚೆಯೇ, ಅವನ ಬಾಯಿ ಹೇಳಿತು: "ಒಂದೂರಾಗ ಒಮ್ಮೆ ನಿದ್ದೀ ಬತ್ತಿ ಹೋತಂತ."

ಅವಳು ಕಣ್ಣು ತೆರೆದಳು. ಹೊದಿಕೆಯಿಂದ ಕೈ ಹೊರಗೆ ಬಂತು, ಮಣಿಕಟ್ಟು ಮಂಚದ ಕಬ್ಬಿಣದ ಕಂಬಿಗೆ ತಾಕಿತು. ಟಿಣ್.

ಅವನು ಮುಂದಕ್ಕೆ ಹೇಳಿದ. ಕೂಸೂ ಮಲಗವು, ಮುದುಕರೂ ಮಲಗರು. ಟಿಣ್. ಕಿರಿ ಸೊಸಿ ಕೊಡ ಹೊತ್ತಳು. ಟಿಣ್. ಎರಡನೆಯ ಹೊಳೆಯ ಹೂವು ಕೊಡಿಸಿ ಅವನು ಸೀದಾ ನಾಲ್ಕನೆಯದಕ್ಕೆ ಹೋದ. ಬಳೆ ಸದ್ದಾಗಲಿಲ್ಲ. ನೋಡಿದ. ಅಕ್ಕ ಅವನನ್ನೇ ನೋಡುತ್ತ, ಕೈಯನ್ನು ಕಂಬಿಯಿಂದ ಒಂದು ಬೆರಳಿನಷ್ಟು ದೂರ ಹಿಡಿದು ಕಾದಿದ್ದಳು. "ಅಲ್ಲಲ್ಲ, ನೆರಳು," ಎಂದು ಹಿಂದಕ್ಕೆ ಹೋಗಿ ನೆರಳನ್ನು ಬಿಚ್ಚಿಸಿದ. ಟಿಣ್. ತವರಿನ ದಾರಿ. ಟಿಣ್. ಐದನೆಯ ಹೊಳೆಯ ಬಿಳಿ ನೀರು, ಹುಟ್ಟಿಲ್ಲದ ದೋಣಿ, ತೂಗುತ್ತ ತೂಗುತ್ತ ಆಚೆ ದಡ. ಟಿಣ್. ಅಲ್ಲಿಂದ ಮುಂದೆ ನೆಲವಿರಲಿಲ್ಲ. ಅಕ್ಷರ ಬಾರದ ಅಕ್ಕ ಬರೆದುಕೊಡಲಾರಳು. ಈ ಕಥೆಯ ಕೊನೆ ಇನ್ನು ಅವಳೊಬ್ಬಳ ಒಳಗೆ ಮಾತ್ರ ಇತ್ತು, ಅದು ಹೊರಗೆ ಬರುವ ದಾರಿಯನ್ನು ಕೊಯ್ದು ತೆಗೆದಿದ್ದರು.

ಅವನು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ. "ಆರನೇ ಹೊಳ್ಯಾಗ ಅಂಬಿಗ ಕಣ್ಣೀರ ಕೇಳಿದ" ಎಂದ. ಕೈ ಅಲುಗಲಿಲ್ಲ. "ಮುಪ್ಪು ಕೇಳಿದ." ಇಲ್ಲ. "ದನಿ ಕೇಳಿದ" ಎಂದ, ಇದೇ ಇರಬೇಕು ಎಂದು ನಂಬಿ. ಅಕ್ಕ ಹುಬ್ಬು ಗಂಟಿಕ್ಕಿದಳು, ಹುಚ್ಚ ಎನ್ನುವಂತೆ. ಕೊಡವೇ ಕೇಳಿದ, ಗಂಡನ ಹೆಸರು ಕೇಳಿದ, ಎಡಗಣ್ಣು ಕೇಳಿದ. ಅವನು ಹೇಳುತ್ತ ಹೋದ, ಕೈಯಿಂದ ಕಣ್ಣು ತೆಗೆಯಲಿಲ್ಲ. ಆ ಹಸಿರು ಬಳೆಗಳು, ಸೂಜಿಯ ಗುರುತುಗಳು, ಕಿರುಬೆರಳಿನ ಹಳೆಯ ಸುಟ್ಟ ಕಲೆ. ಮರಳ ರಾಶಿಯ ದಿನಗಳಲ್ಲಿ ರೊಟ್ಟಿ ಸುಡುವಾಗ ಆದ ಕಲೆ ಅದು. ರಂಗೂಬಾಯಿಯ ಕಡೆಯವರು ಬಂದರು, ಹೋದರು. ಬಿಸಿಲು ಹೊದಿಕೆಯಿಂದ ನೆಲಕ್ಕೆ ಇಳಿಯಿತು. ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ಹೇಳಲು ಏನೂ ಉಳಿಯದೆ, ತಲೆ ತಗ್ಗಿಸಿ, ಮೆಲ್ಲಗೆ, "ಅಷ್ಟೊತ್ತಿಗೆ ಒಂದು ಇಲಿ ಬಂದು ಆನಿ ನುಂಗ್ತು" ಎಂದ.

ಬಳೆಗಳೆಲ್ಲ ಒಮ್ಮೆಲೇ ಸದ್ದು ಮಾಡಿದವು. ಅವನು ಗಾಬರಿಯಿಂದ ತಲೆ ಎತ್ತಿದ. ಕುಸುಮಕ್ಕ ನಗುತ್ತಿದ್ದಳು. ಬಾಯಲ್ಲಿ ಸದ್ದಿಲ್ಲ, ಕೊರಳ ಬಟ್ಟೆ ಪುಕಪುಕನೆ ಏಳುತ್ತಿತ್ತು, ಭುಜ ಕುಲುಕುತ್ತಿತ್ತು, ಕಣ್ಣಿಂದ ನೀರು ಕಿವಿಯ ಕಡೆಗೆ ಹರಿದು ದಿಂಬು ತೊಯ್ಯುತ್ತಿತ್ತು. ಎಚ್ಚರವಿರುವವರು ನಗುವ ಜಾಗ ಅದು. ಅವನು ಹೊದಿಕೆಯ ತುದಿಯಿಂದ ಅವಳ ಕಣ್ಣೊರೆಸಿದ, ಆಮೇಲೆ ತನ್ನದನ್ನು. ನಗು ನಿಂತ ಮೇಲೆ ಅವಳು ಉಸಿರು ಸರಿಮಾಡಿಕೊಂಡು, ಕೈಯನ್ನು ಮತ್ತೆ ಕಂಬಿಯ ಹತ್ತಿರ ತಂದು, ಒಂದು ಬೆರಳಿನಷ್ಟು ದೂರದಲ್ಲಿ ಹಿಡಿದು ಕಾದಳು.

"ಆರನೇ ಹೊಳಿ," ಎಂದು ಅಂಬಾದಾಸ ಮತ್ತೆ ಶುರುಮಾಡಿದ.